ಒಗ್ಗುವ ಗುಣಕ್ಕೂ ಎಲ್ಲೆಯುಂಟು

"ಪ್ರಕೃತಿ ಯಾವುದಕ್ಕೂ ಹೊಂದಿಕೊಳ್ಳುತ್ತದೆ, ಅದರ ಬಗ್ಗೆ ಅಷ್ಟೊಂದು ಆತಂಕ ಬೇಡ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಗುಡ್ಡ ಕಡಿದು ರಸ್ತೆ ಅಗಲಿಸುವಾಗ, ಹೊಳೆಗೆ ಅಡ್ಡಗಟ್ಟುವಾಗ, ಕಾಡಿನ ನಡುವೆ ವಿದ್ಯುತ್ ಮಾರ್ಗ ಎಳೆಯುವಾಗ ಈ ಸಮಾಧಾನ ತಪ್ಪದೆ ಹೇಳಲ್ಪಡುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಜೀವಿಗಳಿಗೆ ಒಗ್ಗಿಕೊಳ್ಳುವ ಶಕ್ತಿ ನಿಜಕ್ಕೂ ಇದೆ. ಆದರೆ ಆ ಶಕ್ತಿಯ ಬೆಲೆಯೇನು, ಎಲ್ಲೆ ಎಲ್ಲಿದೆ ಎಂಬ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಅದನ್ನು ಸ್ಪಷ್ಟವಾಗಿ ತೋರಿಸಬಲ್ಲ ಜೀವಿಯೊಂದು ನಮ್ಮ ಗುಡ್ಡಗಳಿಂದ ಬಹುದೂರದಲ್ಲಿ, ಶೀತ ಸಮುದ್ರಗಳ ಬಂಡೆಗಳ ಮೇಲೆ ಬೆಳೆಯುತ್ತದೆ. ಅದರ ಹೆಸರು ಕೆಲ್ಪ್.

ಕೆಲ್ಪ್ ಎಂದರೆ ಕಂದುಬಣ್ಣದ ದೊಡ್ಡ ಕಡಲಪಾಚಿ. ನಮ್ಮ ಕರಾವಳಿಯ ಬೆಚ್ಚನೆಯ ನೀರಿನಲ್ಲಿ ಇದು ಬೆಳೆಯುವುದಿಲ್ಲ. ನಾರ್ವೆ, ಅಲಾಸ್ಕ, ಕ್ಯಾಲಿಫೋರ್ನಿಯ, ಟಾಸ್ಮೇನಿಯಗಳ ತೀರಗಳಲ್ಲಿ ಇದರ ಕಾಡುಗಳಿವೆ. ಕೆಲವು ಜಾತಿಗಳು 30 ಮೀಟರಿಗೂ ಮಿಕ್ಕಿ ಬೆಳೆದು, ನಮ್ಮ ಕಾನಿನ ಹೆಮ್ಮರಗಳಂತೆ ಮೀನು, ಸಿಗಡಿ, ಶಂಖಗಳಿಗೆ ಆಸರೆಯಾಗುತ್ತವೆ. ಬುಡದಲ್ಲಿ ಬೇರಿನಂತೆ ಕಾಣುವ ಭಾಗ ಬಂಡೆಯನ್ನು ಹಿಡಿದುಕೊಳ್ಳಲು ಮಾತ್ರ. ಆಹಾರಾಂಶವನ್ನು ಅದು ಮೈಯೆಲ್ಲದರಿಂದ ಹೀರುತ್ತದೆ. ಬಂಡೆಗೆ ಕಚ್ಚಿಕೊಂಡ ಮೇಲೆ ಬೇರೆಡೆಗೆ ಹೋಗಲಾರದು. ಇದ್ದಲ್ಲಿಯೇ ಇದ್ದು ಬೆಳಕನ್ನೂ ಚಳಿಯನ್ನೂ ಸಂಭಾಳಿಸಬೇಕು.

ಮೊದಲು ಬೆಳಕಿನ ವಿಚಾರ. ನೀರಿನಲ್ಲಿ ಇಳಿಯುತ್ತಾ ಹೋದಂತೆ ಬಿಸಿಲಿನ ಕೆಂಪು ಕಿರಣಗಳು ಮೊದಲ ಕೆಲವು ಮೀಟರುಗಳಲ್ಲಿಯೇ ನಂದಿಹೋಗುತ್ತವೆ. ಉಳಿಯುವುದು ನೀಲಿ-ಹಸಿರು ಬೆಳಕು. ಪತ್ರಹರಿತ್ತು ಒಂದರಿಂದಲೇ ಅದನ್ನು ಚೆನ್ನಾಗಿ ಹಿಡಿಯಲಾಗದ ಕಾರಣ ಕೆಲ್ಪಿನಲ್ಲಿ ಫ್ಯೂಕೊಕ್ಸಾಂಥಿನ್ ಎಂಬ ಇನ್ನೊಂದು ವರ್ಣದ್ರವ್ಯವಿದೆ. ಅದರ ಕಂದುಬಣ್ಣಕ್ಕೆ ಇದೇ ಕಾರಣ. ಬೆಳಕು ಕುಂದಿದರೆ ಕೆಲ್ಪ್ ದಿನಗಳ ಅವಧಿಯಲ್ಲಿ ವರ್ಣದ್ರವ್ಯಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಇಳಿತದ ಹೊತ್ತಿನಲ್ಲಿ ಬಿಸಿಲು ಮಿತಿಮೀರಿ ಬಿದ್ದರೆ, ನಿಮಿಷಗಳಲ್ಲಿಯೇ ಬೇರೊಂದು ಜಾತಿಯ ವರ್ಣದ್ರವ್ಯವನ್ನು ರೂಪಾಂತರಿಸಿಕೊಂಡು, ಹೆಚ್ಚುವರಿ ಶಕ್ತಿಯನ್ನು ಶಾಖವಾಗಿ ಹೊರಹಾಕುತ್ತದೆ.

ಚಳಿಯನ್ನು ಎದುರಿಸುವ ರೀತಿಯೂ ಇಷ್ಟೇ ಜಾಣತನದ್ದು. ಶೀತದಲ್ಲಿ ಕಿಣ್ವಗಳು ನಿಧಾನವಾಗುತ್ತವೆ. ಆಗ ಕೆಲ್ಪ್ ಅದೇ ಕೆಲಸಕ್ಕೆ ಹೆಚ್ಚು ಕಿಣ್ವಗಳನ್ನು ತಯಾರಿಸಿಕೊಳ್ಳುತ್ತದೆ. ಕೆಲಸ ನಿಧಾನವಾದಾಗ ಗದ್ದೆಗೆ ಹೆಚ್ಚು ಆಳುಗಳನ್ನು ಇಳಿಸಿದಂತೆ. ಕೋಶಪೊರೆಗಳು ಗಡುಸಾಗದಂತೆ ಅವುಗಳ ಕೊಬ್ಬಿನ ಸ್ವರೂಪವನ್ನೂ ಬದಲಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ವಿಸ್ಮಯದ್ದು ಕೆಲ್ಪಿನ ಪಂಚಾಂಗ. ಅಲಾಸ್ಕದ ಉತ್ತರ ತೀರದ ಬ್ಯೂಫರ್ಟ್ ಸಮುದ್ರದಲ್ಲಿ ಲ್ಯಾಮಿನೇರಿಯ ಸಾಲಿಡಂಗ್ಯುಲ ಎಂಬ ಜಾತಿಯಿದೆ. ಅಲ್ಲಿ ವರ್ಷದ ಬಹುಕಾಲ ಹಿಮದ ಹೊದಿಕೆ. ಕೆಳಗೆ ಕತ್ತಲು. ಬೇಸಿಗೆಯ ಅಲ್ಪಕಾಲದ ಬೆಳಕಿನಲ್ಲಿ ಅದು ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತದೆ. ನೀರಿನಲ್ಲಿ ಸಾರಜನಕ ಧಾರಾಳವಾಗಿ ದೊರೆಯುವ ಚಳಿಗಾಲದಲ್ಲಿ, ಆ ದಾಸ್ತಾನನ್ನು ಕರಗಿಸಿ ಕತ್ತಲಲ್ಲೇ ಬೆಳೆಯುತ್ತದೆ. ವರ್ಷದ ಉದ್ದಬೆಳವಣಿಗೆಯ ಸುಮಾರು ಶೇ. 90ರಷ್ಟು ಹೀಗೆ ಕತ್ತಲಲ್ಲಿ ಆಗುವುದನ್ನು ಅಮೆರಿಕದ ವಿಜ್ಞಾನಿ ಕೆನ್ ಡಂಟನ್ ಅಧ್ಯಯನದಿಂದ ತೋರಿಸಿದ್ದಾರೆ. ಯುರೋಪಿನ ಲ್ಯಾಮಿನೇರಿಯ ಹೈಪರ್‌ಬೋರಿಯ ಜಾತಿಯಲ್ಲಿ ಒಂದು ವಾರ್ಷಿಕ ಗಡಿಯಾರವೇ ಇದೆಯೆಂದು ಜರ್ಮನಿಯ ಕ್ಲಾಸ್ ಲ್ಯೂನಿಂಗ್ ಮತ್ತು ಸಂಗಡಿಗರು ಕಂಡುಕೊಂಡರು. ಹಗಲಿನ ಉದ್ದವೇ ಆ ಗಡಿಯಾರಕ್ಕೆ ಕೀಲಿ. ಬೇಸಿಗೆಯಲ್ಲಿ ಬೆಳಕು ಹೇರಳವಿದ್ದರೂ ಅದು ಬೆಳವಣಿಗೆ ನಿಲ್ಲಿಸಿ ಉಳಿತಾಯ ಮಾಡುತ್ತದೆ.

ಇದೇ ಜಾಣತನದೊಳಗೆ ಅದರ ಸಂಕಟವೂ ಅಡಗಿದೆ. ಕೆಲ್ಪಿಗೆ ಬೆಳಕು ಆದಾಯ, ಉಸಿರಾಟ ಖರ್ಚು. ನೀರು ಬೆಚ್ಚಗಾದಷ್ಟೂ ಉಸಿರಾಟದ ಖರ್ಚು ಏರುತ್ತದೆ. ಖರ್ಚು ಏರಿದಾಗ ಬದುಕಲು ಬೇಕಾದ ಕನಿಷ್ಠ ಬೆಳಕೂ ಏರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಕಲಿತ ಜೀವಿಯ ಹಾಸಿಗೆಯನ್ನು ನಾವು ಎರಡೂ ಕಡೆಯಿಂದ ಕತ್ತರಿಸುತ್ತಿದ್ದೇವೆ. ಒಂದು ಕಡೆ ಕಡಲು ಕಾಯುತ್ತಿದೆ, ಇನ್ನೊಂದು ಕಡೆ ನೀರು ಕದಡುತ್ತಿದೆ. ಹಗಲಿನ ಉದ್ದ ಹಿಂದಿನಂತೆಯೇ ಇದ್ದು ನೀರಿನ ಉಷ್ಣತೆ ಮಾತ್ರ ಬದಲಾದರೆ, ಹಗಲನ್ನು ನಂಬಿದ ಪಂಚಾಂಗ ಋತುವಿಗೆ ಹೊಂದದೆ ಹೋಗುತ್ತದೆ.

ನಾರ್ವೆಯ ದಕ್ಷಿಣ ತೀರದಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಅಲ್ಲಿನ ಸಕ್ಕರೆ ಕೆಲ್ಪಿನ ಕಾಡುಗಳು ವಿಸ್ತಾರವಾಗಿ ಅಳಿದುಹೋಗಿರುವುದು 2002ರ ಸುಮಾರಿಗೆ ಬೆಳಕಿಗೆ ಬಂತು. ಅವುಗಳ ಜಾಗವನ್ನು ಹೂಳು ತುಂಬಿದ ಗಿಡ್ಡಪಾಚಿಯ ಹಾಸು ಆಕ್ರಮಿಸಿತ್ತು. ವಿಜ್ಞಾನಿಗಳು ಒಂದೇ ಕಾರಣವನ್ನು ಹೇಳಲಿಲ್ಲ. ಬೇಸಿಗೆಯ ಬಿಸಿನೀರಿನ ಜೊತೆಗೆ ನೆಲದಿಂದ ಹರಿದುಬಂದ ಪೋಷಕಾಂಶ ಮತ್ತು ಹೂಳುಗಳ ಕಡೆಗೂ ಬೆರಳು ತೋರಿದರು.

ಆರ್ಕ್ಟಿಕ್ ವಲಯದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಕಾಂಗ್ಸ್‌ಫ್ಯೋರ್ಡನ್ ಎಂಬ ಕೊಲ್ಲಿಯಿದೆ. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇದರ ದಡದಲ್ಲಿಯೇ ಇದೆ. ಈ ಕೊಲ್ಲಿಯ ಒಂದು ತಾಣದಲ್ಲಿ 1996-98ರ ಅಳತೆಗಳನ್ನು 2012-14ರ ಅಳತೆಗಳೊಂದಿಗೆ ಹೋಲಿಸಿದಾಗ, 2.5 ಮೀಟರ್ ಆಳದಲ್ಲಿ ಕಡಲಪಾಚಿಯ ರಾಶಿ ಸುಮಾರು 8 ಪಟ್ಟು ಹೆಚ್ಚಿರುವುದು ಕಂಡಿತು. ಹಿಮ ಕಡಿಮೆಯಾದದ್ದು ಅದಕ್ಕೆ ಅನುಕೂಲವಾಯಿತು. "ನೋಡಿ, ಪ್ರಕೃತಿ ಹೊಂದಿಕೊಂಡಿತು" ಎನ್ನುವವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಆದರೆ ಅದೇ ಅಧ್ಯಯನದ ಪ್ರಕಾರ, ಬಹುಪಾಲು ಕಂದುಪಾಚಿಗಳು ಬೆಳೆಯಬಲ್ಲ ಆಳದ ಮಿತಿ ಮೇಲಕ್ಕೆ ಸರಿದಿದೆ. ಹಿಮನದಿಗಳು ಕರಗಿ ತರುವ ಹೂಳು ನೀರನ್ನು ಕದಡಿದರೆ ಆಳಕ್ಕೆ ಬೆಳಕು ತಲುಪುವುದಿಲ್ಲ.

ಪಶ್ಚಿಮ ಆಸ್ಟ್ರೇಲಿಯದ ಕಥೆ ಇನ್ನೂ ಕಠೋರ. 2011ರ ಆರಂಭದಲ್ಲಿ ಅಲ್ಲಿನ ಕಡಲು ವಾಡಿಕೆಗಿಂತ 2ರಿಂದ 4 ಡಿಗ್ರಿ ಬಿಸಿಯೇರಿ ಹಲವು ವಾರ ಹಾಗೆಯೇ ಉಳಿಯಿತು. ಉತ್ತರದಂಚಿನ ಸುಮಾರು 100 ಕಿಲೋಮೀಟರ್ ತೀರದ ಕೆಲ್ಪ್ ಕಾಡು ನಾಶವಾಯಿತು. ನೀರು ತಣಿದ ಮೇಲೂ ಅದು ಮರಳಲಿಲ್ಲ. ಬೆಚ್ಚನೆಯ ನೀರಿನೊಂದಿಗೆ ಬಂದ ಉಷ್ಣವಲಯದ ಮೀನುಗಳು ಎಳೆಯ ಚಿಗುರುಗಳನ್ನು ಮೇಯ್ದುಬಿಟ್ಟವು. ಖಂಡದ ದಕ್ಷಿಣ ತೀರದ ಕೆಲ್ಪಿಗೂ ಮುಂದೆ ಹೋಗಲು ಜಾಗವಿಲ್ಲ. ಆಚೆಗೆ ಆಳವಾದ ಸಾಗರವೇ ಹೊರತು ಬೇರೂರಲು ಬಂಡೆಯಿಲ್ಲ.

ಮಲೆನಾಡಿನವರಾದ ನಮಗೆ ಈ ಚಿತ್ರ ಅಪರಿಚಿತವೇ? ಕುದುರೆಮುಖ, ಬಾಬಾಬುಡನ್‌ಗಿರಿ, ಪುಷ್ಪಗಿರಿಗಳ ನೆತ್ತಿಯ ಶೋಲಾ ಕಾಡುಗಳು ತಂಪನ್ನು ನಂಬಿ ಬದುಕಿವೆ. ಬಿಸಿಯೇರಿದರೆ ಕೆಳಗಿನ ಗಿಡ ಮೇಲಕ್ಕೆ ಸರಿದೀತು; ನೆತ್ತಿಯ ಗಿಡ ಎಲ್ಲಿಗೆ ಹೋಗಬೇಕು? ಹೂಳಿನ ಮಾತೂ ನಮಗೆ ಹೊಸದಲ್ಲ. ಕುದುರೆಮುಖದಲ್ಲಿ ಅದಿರು ಅಗೆಯುತ್ತಿದ್ದ ಕಾಲದಲ್ಲಿ ಭದ್ರೆಗೆ ಮಳೆಗಾಲದಲ್ಲಿ ಸೇರುತ್ತಿದ್ದ ಹೂಳನ್ನು ಹೊಳೆದಂಡೆಯ ಜನ ಬಲ್ಲರು. ಜನರ ಹೋರಾಟ ಮತ್ತು ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. ಗುಡ್ಡದ ಮಣ್ಣು ಗುಡ್ಡದಲ್ಲಿಯೇ ನಿಲ್ಲಬೇಕೆಂಬ ನಮ್ಮ ಹಟ, ಹೊಳೆಯ ನೀರಿಗೂ ಅದು ಸೇರುವ ಕಡಲಿಗೂ ಬೆಳಕನ್ನು ಉಳಿಸುವ ಹಟವೂ ಹೌದು.

ಇದರಿಂದ ಒಂದು ಭರವಸೆಯೂ ಹುಟ್ಟುತ್ತದೆ. ಭೂಮಿಯ ಬಿಸಿಯನ್ನು ಒಂದು ಊರು, ಒಂದು ತಾಲ್ಲೂಕು ಇಳಿಸಲಾರದು. ಅದು ದೇಶದೇಶಗಳು ಸೇರಿ ಮಾಡಬೇಕಾದ ಕೆಲಸ. ಆದರೆ ನೀರನ್ನು ತಿಳಿಯಾಗಿಡುವುದು, ಮಣ್ಣು ಕೊಚ್ಚದಂತೆ ಕಾಯುವುದು, ನೆರಳನ್ನು ಉಳಿಸುವುದು ಸ್ಥಳೀಯರ ಕೈಯಲ್ಲಿದೆ. ಖರ್ಚು ಏರುತ್ತಿರುವ ಕಾಲದಲ್ಲಿ ಆದಾಯವನ್ನಾದರೂ ಕಾಪಾಡಿದರೆ ಜೀವಿಗೆ ಉಸಿರಾಡಲು ಸ್ವಲ್ಪ ಸಮಯ ಸಿಗುತ್ತದೆ.

ಆದ್ದರಿಂದ ಯಾವುದೇ ಯೋಜನೆಯ ವರದಿಯಲ್ಲಿ "ಇಲ್ಲಿನ ಜೀವಸಂಕುಲ ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳುತ್ತದೆ" ಎಂದು ಬರೆದಿದ್ದರೆ ನಾವು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಬೇಕು: ಎಷ್ಟು ಡಿಗ್ರಿಯವರೆಗೆ? ಎಷ್ಟು ಬೆಳಕಿನಲ್ಲಿ? ಎಷ್ಟು ವರ್ಷಗಳಲ್ಲಿ? ಹೊಂದಿಕೊಳ್ಳದೆ ಹೋದರೆ ಹೊಣೆ ಯಾರದು? ವಿಜ್ಞಾನದ ವಿದ್ಯಾರ್ಥಿಗಳು ಈ ಪ್ರಶ್ನೆಗಳನ್ನು ತಮ್ಮ ಊರಿನ ಹೊಳೆ, ಕಾನು, ಗುಡ್ಡಗಳಿಗೆ ಅನ್ವಯಿಸಿ ಅಳತೆಗಳನ್ನು ಬರೆದಿಡಬೇಕು. ಕತ್ತಲಲ್ಲಿಯೂ ಬೆಳೆಯಬಲ್ಲ ಜೀವಿಯೇ ಕೆಲವು ವಾರಗಳ ಬಿಸಿಗೆ ಸೋತಿತೆಂದ ಮೇಲೆ, ಜೀವಿಗಳ ಸಹನೆಯನ್ನು ನಮ್ಮ ಅಪರಾಧಕ್ಕೆ ಪರವಾನಗಿಯೆಂದು ಭಾವಿಸುವ ಹಕ್ಕು ಯಾರಿಗೂ ಇಲ್ಲ.