ವಿಳಾಸ ಅಟ್ಲಾಂಟಾ, ಊರಿಗೆ ಮೇಯರ್ ಇಲ್ಲ

ಎಂ.ಎಸ್.ಗೆ ಹೊರಟ ಸೀನಿಯರ್‌ಗಳನ್ನ 'ಎಲ್ಲಿ ಮನೆ ಮಾಡ್ತೀರಾ?' ಅಂತ ಕೇಳಿ. ಮೊದಲು ಬಾಡಿಗೆ ಲೆಕ್ಕ ಹೇಳ್ತಾರೆ. ಆ ಜಾಗದ ಆಡಳಿತ ಯಾರದ್ದು ಅಂತ ಯಾರೂ ವಿಚಾರಿಸಲ್ಲ. ವಿಚಾರಿಸಬೇಕು ಅನ್ನೋದೇ ನನ್ನ ವಾದ.

ಅಮೆರಿಕದ ಅಟ್ಲಾಂಟಾ ಅಂಚಿನ ಡ್ರೂಯಿಡ್ ಹಿಲ್ಸ್ ತಗೊಳ್ಳಿ. ವಿಳಾಸದಲ್ಲಿ 'ಅಟ್ಲಾಂಟಾ' ಅಂತಿದ್ರೂ ಬಹುಭಾಗ ಯಾವ ನಗರಕ್ಕೂ ಸೇರಿಲ್ಲ. ಮೇಯರ್ ಇಲ್ಲ, ನಗರಸಭೆ ಇಲ್ಲ. ನೀರು, ಪೊಲೀಸ್, ಕಸ ಎಲ್ಲಾ ಡಿಕಾಲ್ಬ್ ಕೌಂಟಿಯದ್ದು. ಕೌಂಟಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. ತುಂಬಾ ಮರಗಳು, ನಗರದ ತೆರಿಗೆಯೂ ಇಲ್ಲ. ಸುಖವೇ! ಆದ್ರೆ ಪಕ್ಕದ ನಗರ ಏನೇ ನಿರ್ಧರಿಸಿದ್ರೂ ಅಲ್ಲಿನವರಿಗೆ ಓಟಿಲ್ಲ.

ಅಲ್ಲೇ ಇರೋ ಎಮೊರಿ ವಿಶ್ವವಿದ್ಯಾಲಯವೂ ನಗರದ ಹೊರಗೇ ಇತ್ತು. 2016ರಲ್ಲಿ ಅಟ್ಲಾಂಟಾ ಮತದಾರರು ಸಾರಿಗೆಗಾಗಿ ಹೆಚ್ಚುವರಿ ಮಾರಾಟ ತೆರಿಗೆ ಒಪ್ಪಿದ್ರು. ತಮ್ಮ ಕಡೆಗೂ ರೈಲು ಬರಲಿ ಅನ್ನೋ ಆಸೆಯೂ ಸೇರಿ, 2018ರ ಜನವರಿಯಲ್ಲಿ ಎಮೊರಿ ನಗರದೊಳಗೆ ಬಂತು. ಸುತ್ತಲಿನ ಎಷ್ಟೋ ಮನೆಗಳು ಹೊರಗೇ ಉಳಿದವು.

ಹೊರಗಿರೋದು ತಪ್ಪಲ್ಲ. ವಿದೇಶಿ ವಿದ್ಯಾರ್ಥಿಗೆ ಎಲ್ಲಿದ್ರೂ ಓಟಿಲ್ಲ, ನಿಜ. ಆದ್ರೆ ಬಸ್ಸು ಬೇಕು, ಫುಟ್‌ಪಾತ್ ಬೇಕು. ನೀರಿನ ಪೈಪ್ ಒಡೆದ ರಾತ್ರಿ ಯಾರಿಗೆ ಫೋನ್ ಮಾಡ್ಬೇಕು ಅನ್ನೋದು ಗೊತ್ತಿರಬೇಕು. ಬಾಡಿಗೆ ಕೇಳೋಕೆ ಮುಂಚೆ ಗಡಿ ಎಲ್ಲಿದೆ ಅಂತ ಕೇಳಿ, ಗೆಳೆಯರೇ.