ಮನೆ ಹಿರಿದಾಗಲಿ, ಮನೆಯವರು ದೂರವಾಗದಿರಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದು ಈ ಎರಡೂ ಕಾರ್ಯಗಳ ಕಷ್ಟವನ್ನು ಕಂಡು ಉಂಡ ಮೇಲೆಯೇ. ಆದರೆ ಇವೆರಡರ ನಂತರ ಬರುವ ಇನ್ನೊಂದು ಕಷ್ಟವಿದೆ, ಅದಕ್ಕೆ ಗಾದೆಯಿಲ್ಲ. ಮದುವೆಯಾಗಿ ಹತ್ತು ಹದಿನೈದು ವರ್ಷಗಳು ಸಂದು, ಮಕ್ಕಳು ಬೆಳೆದು, ಊರಿನಿಂದ ವೃದ್ಧ ತಾಯಿಯೂ ಬಂದು ಸೇರಿದಾಗ, ಇರುವ ಮನೆ ಸಾಲದೆಂಬ ಮಾತು ಏಳುತ್ತದೆ. ಇಲ್ಲಿಯೇ ಹೊಂದಿಕೊಂಡು ಬಾಳುವುದೋ, ದೊಡ್ಡ ಮನೆಗೆ ಹೋಗುವುದೋ? ಮಂಗಳೂರಿನಲ್ಲಿಯೂ ಸುತ್ತಲಿನ ಪೇಟೆಗಳಲ್ಲಿಯೂ ನಮ್ಮ ಅನೇಕ ಕುಟುಂಬಗಳ ಮುಂದೆ ಇಂದು ಈ ಪ್ರಶ್ನೆಯಿದೆ.

ಇಂತಹ ಮಾತು ಬಂದೊಡನೆ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬುದ್ಧಿ ಹೇಳುವವರು ಬಹಳ. ಆದರೆ ಕಾಲೇ ಬೆಳೆದಾಗ ಏನು ಮಾಡಬೇಕು? ಹದಿನಾಲ್ಕರ ಮಗಳಿಗೆ ಬಟ್ಟೆ ಬದಲಾಯಿಸಲು ಬಾಗಿಲಿರುವ ಒಂದು ಕೋಣೆ, ಹತ್ತನೆಯ ತರಗತಿಯ ಮಗನಿಗೆ ಓದಲು ಒಂದು ಮೂಲೆ, ರಾತ್ರಿ ಮೂರು ಬಾರಿ ಏಳುವ ಅಜ್ಜಿಗೆ ಸಮೀಪದಲ್ಲೊಂದು ಶೌಚಾಲಯ, ಇವು ಆಡಂಬರವಲ್ಲ. 1983ರಲ್ಲಿ ಪವಿತ್ರ ಪೀಠವು ಪ್ರಕಟಿಸಿದ ಕುಟುಂಬದ ಹಕ್ಕುಗಳ ಸನ್ನದು ಕುಟುಂಬ ಜೀವನಕ್ಕೆ ತಕ್ಕುದಾದ, ಸದಸ್ಯರ ಸಂಖ್ಯೆಗೆ ಹೊಂದುವ ವಸತಿಯನ್ನು ಪ್ರತಿಯೊಂದು ಕುಟುಂಬದ ಹಕ್ಕೆಂದೇ ಗುರುತಿಸಿದೆ. ಆದುದರಿಂದ ಹೆಚ್ಚಿನ ಸ್ಥಳವನ್ನು ಬಯಸುವ ತಂದೆತಾಯಿಗಳು ಯಾರ ಮುಂದೆಯೂ ಸಂಕೋಚ ಪಡಬೇಕಾಗಿಲ್ಲ.

ಆದರೂ ಅಗತ್ಯಕ್ಕೂ ಆಸೆಗೂ ನಡುವಿನ ಗೆರೆ ತೆಳುವಾದುದು. 2011ರ ಜನಗಣತಿಯಂತೆ ದೇಶದ ಸುಮಾರು ಶೇಕಡ 37ರಷ್ಟು ಕುಟುಂಬಗಳು ಒಂದೇ ಕೋಣೆಯಲ್ಲಿ ವಾಸಿಸುತ್ತಿದ್ದವು. ಒಂದು ಕೋಣೆಯನ್ನು ಮೂವರಿಗಿಂತ ಹೆಚ್ಚು ಮಂದಿ ಹಂಚಿಕೊಂಡರೆ ಅದು ಇಕ್ಕಟ್ಟಾದ ವಸತಿಯೆಂಬುದು ವಿಶ್ವಸಂಸ್ಥೆಯ ವಸತಿ ಕಾರ್ಯಕ್ರಮದ ಅಳತೆ. ಆರು ಮಂದಿ ಎರಡು ಕೋಣೆಗಳಲ್ಲಿದ್ದರೆ ಆ ಅಂಚಿಗೆ ಬಂದು ನಿಂತಂತೆ. ಆದರೆ ನಾಲ್ವರು ಮೂರು ಕೋಣೆಗಳಲ್ಲಿದ್ದು, ಭಾವಮೈದುನನ ಹೊಸ ಮನೆಯ ಆಶೀರ್ವಚನಕ್ಕೆ ಹೋಗಿ ಬಂದ ಮರುದಿನವೇ ಮನೆ ಸಾಲದೆಂದು ಅನ್ನಿಸಿದರೆ, ಸಾಲದಿರುವುದು ಮನೆಯೇ ಅಲ್ಲವೇ ಎಂದು ಕೇಳಿಕೊಳ್ಳಬೇಕು.

ಅಗತ್ಯ ನಿಜವೆಂದು ಕಂಡ ಮೇಲೆ ಬೆಲೆಯ ವಿಚಾರ. ಅರುವತ್ತು ಲಕ್ಷ ರೂಪಾಯಿಯ ಮನೆಗೆ ಒಂದು ಕುಟುಂಬ ಇಪ್ಪತ್ತು ಲಕ್ಷ ಹೊಂದಿಸಿ, ನಲವತ್ತು ಲಕ್ಷ ಸಾಲ ಮಾಡಿತೆಂದು ಭಾವಿಸೋಣ. ಶೇಕಡ 8.5ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ತಿಂಗಳ ಕಂತು ಸುಮಾರು 34,700 ರೂಪಾಯಿ. ಅವಧಿ ಮುಗಿಯುವಾಗ ಕಟ್ಟಿದ ಒಟ್ಟು ಮೊತ್ತ ಸುಮಾರು 83 ಲಕ್ಷ. ಅಂದರೆ ಸಾಲದ ಎರಡು ಪಾಲಿಗೂ ಮಿಕ್ಕಿ. ಅದೇ ಸಾಲವನ್ನು 15 ವರ್ಷಗಳಲ್ಲಿ ತೀರಿಸಿದರೆ ಕಂತು ಸುಮಾರು 39,400ಕ್ಕೆ ಏರುತ್ತದೆ, ಒಟ್ಟು ಮೊತ್ತ 71 ಲಕ್ಷಕ್ಕೆ ಇಳಿಯುತ್ತದೆ. ಇದರ ಮೇಲೆ ಕರ್ನಾಟಕದಲ್ಲಿ ಶೇಕಡ 5ರ ಮುದ್ರಾಂಕ ಶುಲ್ಕವೂ 2025ರ ಆಗಸ್ಟ್ ಅಂತ್ಯದಿಂದ ಇಮ್ಮಡಿಯಾಗಿ ಶೇಕಡ 2ಕ್ಕೆ ಏರಿದ ನೋಂದಣಿ ಶುಲ್ಕವೂ ಸೇರಿದರೆ, ಉಪಕರಗಳನ್ನು ಬಿಟ್ಟು, 4 ಲಕ್ಷ 20 ಸಾವಿರ ರೂಪಾಯಿ. ಕಟ್ಟಡ ಪೂರ್ಣವಾಗುವ ಮೊದಲೇ ಫ್ಲ್ಯಾಟ್ ಕೊಂಡರೆ ಜಿ.ಎಸ್.ಟಿ. ಬೇರೆ. ಮಾರುವವರ ಬಣ್ಣದ ಕಾಗದಗಳಲ್ಲಿ ಈ ಲೆಕ್ಕ ದೊಡ್ಡ ಅಕ್ಷರಗಳಲ್ಲಿ ಇರುವುದಿಲ್ಲ.

ಆದರೆ ಕರಾವಳಿಯ ನಮ್ಮ ಕುಟುಂಬಗಳು ಮನೆಗಾಗಿ ತೆರುವ ನಿಜವಾದ ಬೆಲೆ ರೂಪಾಯಿಗಳಲ್ಲಿ ಇಲ್ಲ. ಕುವೈತ್, ದುಬೈ, ಮಸ್ಕತ್‌ಗಳಲ್ಲಿ ದುಡಿಯುವ ತಂದೆ ಇನ್ನು ಎರಡು ವರ್ಷಗಳಲ್ಲಿ ಊರಿಗೆ ಮರಳುವೆನೆಂದು ಹೇಳಿರುತ್ತಾನೆ. ದೊಡ್ಡ ಮನೆಯ ನಿರ್ಧಾರವಾದೊಡನೆ ಆ ಎರಡು ವರ್ಷ ಎಂಟಾಗುತ್ತದೆ. ಮಕ್ಕಳಿಗಾಗಿ ಕಟ್ಟಿದ ಮನೆಯಲ್ಲಿ ಅವನು ವರ್ಷಕ್ಕೆ ಮೂವತ್ತು ದಿನಗಳ ಅತಿಥಿ. ಊರಿನಲ್ಲಿಯೇ ಇರುವವರ ಸ್ಥಿತಿಯೂ ಬೇರೆಯಲ್ಲ. ಕಂತಿಗಾಗಿ ತಂದೆ ಎರಡನೆಯ ಕೆಲಸ ಹಿಡಿಯುತ್ತಾನೆ, ತಾಯಿ ರಾತ್ರಿ ಪಾಳಿ ಒಪ್ಪಿಕೊಳ್ಳುತ್ತಾಳೆ. ಸಂಜೆಯ ಪ್ರಾರ್ಥನೆಗೆ ಜಾಗ ವಿಶಾಲವಾಗುತ್ತದೆ, ಕೂರುವವರು ಕಡಮೆಯಾಗುತ್ತಾರೆ. ಮನೆಯ ಬೆಲೆಯನ್ನು ಲಕ್ಷಗಳಲ್ಲಿ ಬರೆಯುವ ಮೊದಲು ಒಟ್ಟಿಗೆ ಬಾಳಬಹುದಾಗಿದ್ದ ವರ್ಷಗಳಲ್ಲಿ ಬರೆದು ನೋಡಬೇಕೆಂಬುದು ಈ ಬರಹದ ಮುಖ್ಯ ಮಾತು.

ಪರದೇಶದ ಸಂಪಾದನೆಯ ಅಸ್ಥಿರತೆಯನ್ನೂ ಮರೆಯಬಾರದು. 1990ರಲ್ಲಿ ಕುವೈತ್ ಆಕ್ರಮಣವಾದಾಗ ನಮ್ಮವರು ಉಟ್ಟ ಬಟ್ಟೆಯಲ್ಲಿ ಮರಳಿದರು. 2020ರ ಕೊರೋನಾ ಕಾಲದಲ್ಲಿ ಅನೇಕರ ಉದ್ಯೋಗ ಹೋಯಿತು. ಆಗ ರಿಸರ್ವ್ ಬ್ಯಾಂಕು ಮಾರ್ಚಿನಿಂದ ಆಗಸ್ಟ್ ತನಕ ಕಂತುಗಳನ್ನು ಮುಂದೂಡಲು ಅವಕಾಶ ಕೊಟ್ಟಿತು ನಿಜ. ಆದರೆ ಬಡ್ಡಿ ಬೆಳೆಯುವುದು ನಿಲ್ಲಲಿಲ್ಲ.

ಇನ್ನೊಂದು ನಷ್ಟ ಕಣ್ಣಿಗೆ ಬೇಗನೆ ಬೀಳುವುದಿಲ್ಲ. ನಗರದ ನಡುವೆ ಸಿಗದ ವಿಶಾಲವಾದ ಮನೆ ಹೊರವಲಯದಲ್ಲಿ ಸಿಗುತ್ತದೆ. ಅಲ್ಲಿಗೆ ಹೋದರೆ ಶಾಲೆಗೆ ನಡೆದು ಹೋಗುತ್ತಿದ್ದ ಮಗು ಎರಡು ಬಸ್ಸು ಹಿಡಿಯಬೇಕು. ಮುಂಜಾನೆಯ ಪೂಜೆಗೆ ಕೋಲೂರಿಕೊಂಡು ಒಬ್ಬಳೇ ಹೋಗುತ್ತಿದ್ದ ಅಜ್ಜಿ ಯಾರಾದರೂ ಕಾರು ತೆಗೆಯುವ ತನಕ ಕಾಯಬೇಕು. ಕಷ್ಟಕಾಲದಲ್ಲಿ ಕರೆಯದೆಯೇ ಬರುತ್ತಿದ್ದ ನೆರೆಯವರು, ಹೆಸರು ಹಿಡಿದು ಮಾತನಾಡಿಸುತ್ತಿದ್ದ ವಾಳೆಯ ಗುರಿಕಾರರು ಹಿಂದೆ ಉಳಿಯುತ್ತಾರೆ. ಹೊಸ ಧರ್ಮಕೇಂದ್ರದಲ್ಲಿ ಹೊಸ ಬಾಂಧವ್ಯ ಬೆಳೆಯದೆಂದಲ್ಲ. ಆದರೆ ಎಪ್ಪತ್ತೈದರ ವಯಸ್ಸಿಗೆ ಅದು ಸುಲಭವಲ್ಲ.

ಇನ್ನು ಕಾಲದ ಪ್ರಶ್ನೆ. ಮೂವರು ಮಕ್ಕಳಿರುವ ಮನೆಯಲ್ಲಿ ಇಕ್ಕಟ್ಟು ಬಹುಪಾಲು ಹತ್ತು ಹನ್ನೆರಡು ವರ್ಷಗಳದು. ಬಳಿಕ ಒಬ್ಬಳು ಬೆಂಗಳೂರಿಗೆ, ಒಬ್ಬ ಕೆನಡಕ್ಕೆ. ನಮ್ಮ ಊರುಗಳಲ್ಲಿ ಆರು ಕೋಣೆಗಳ ಮನೆಯನ್ನು ಗುಡಿಸಲಾರದೆ, ಎರಡಕ್ಕೆ ಮಾತ್ರ ದೀಪ ಹಚ್ಚಿ ಕುಳಿತ ವೃದ್ಧ ದಂಪತಿಗಳು ಎಷ್ಟಿಲ್ಲ? ಹನ್ನೆರಡು ವರ್ಷಗಳ ಅಗತ್ಯಕ್ಕೆ ಇಪ್ಪತ್ತು ವರ್ಷಗಳ ಸಾಲ ಮಾಡುವ ಮೊದಲು ಬೇರೆ ದಾರಿಗಳನ್ನು ನೋಡಬೇಕು. ಹಳೆಯ ಹಂಚಿನ ಮನೆಯಾದರೆ ಜಗಲಿಯ ಬದಿಗೊಂದು ಕೋಣೆಯನ್ನೂ ಶೌಚಾಲಯವನ್ನೂ ಸೇರಿಸಬಹುದು. ಅದಾಗದಿದ್ದರೆ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು, ಆ ಹಣಕ್ಕೆ ಇನ್ನಷ್ಟು ಸೇರಿಸಿ, ಅದೇ ವಠಾರದಲ್ಲಿ ದೊಡ್ಡ ಮನೆಯನ್ನು ಬಾಡಿಗೆಗೆ ಹಿಡಿಯಬಹುದು. ಬಾಡಿಗೆ ಮನೆಯೆಂದರೆ ಕೀಳೆಂಬ ಭಾವನೆ ನಮ್ಮಲ್ಲಿ ಬೇರೂರಿದೆ, ಅದಕ್ಕೆ ಆಧಾರವಿಲ್ಲ.

ಇಲ್ಲಿ ಸಮುದಾಯಕ್ಕೂ ಒಂದು ಹೊಣೆಯಿದೆ. ಒಂದೇ ಧರ್ಮಕೇಂದ್ರದೊಳಗೆ ಬೀಗ ಹಾಕಿದ ದೊಡ್ಡ ಮನೆಗಳೂ ಉಸಿರುಗಟ್ಟಿದ ಸಣ್ಣ ಮನೆಗಳೂ ಅಕ್ಕಪಕ್ಕದಲ್ಲಿವೆ. ಬಾಡಿಗೆದಾರನು ಬಿಡುವುದಿಲ್ಲವೆಂಬ ಭಯದಿಂದ ಪರದೇಶದಲ್ಲಿರುವ ಮಾಲೀಕರು ಬೀಗ ತೆಗೆಯುವುದಿಲ್ಲ. ಧರ್ಮಕೇಂದ್ರದ ಪಾಲನಾ ಮಂಡಳಿಯು ಎರಡೂ ಕಡೆಯವರನ್ನು ಬಲ್ಲದು. ಲಿಖಿತ ಕರಾರಿನ ಮೇಲೆ ಅವರನ್ನು ಒಂದುಗೂಡಿಸಲು ಅದು ಮುಂದಾದರೆ ಮನೆಗೂ ದೀಪ, ಮಕ್ಕಳಿಗೂ ಜಾಗ.

ಇಷ್ಟೆಲ್ಲ ಪರ್ಯಾಲೋಚಿಸಿದ ಮೇಲೂ ಕೊಳ್ಳುವುದೇ ಸರಿಯೆಂದು ತೋರಿದರೆ ಒಂದು ಪರೀಕ್ಷೆ ಮಾಡಬಹುದು. ಮುಂದೆ ಕಟ್ಟಬೇಕಾದ ಕಂತಿನಷ್ಟೇ ಹಣವನ್ನು ಆರು ತಿಂಗಳ ಕಾಲ ಪ್ರತ್ಯೇಕ ಖಾತೆಗೆ ಹಾಕುತ್ತ ಬನ್ನಿ. ಶಾಲೆಯ ಶುಲ್ಕ, ಅಜ್ಜಿಯ ಔಷಧ, ಕೈಲಾದ ದಾನ ಇವು ಯಾವುವೂ ನಿಲ್ಲದೆ, ಯಾರೂ ಹೆಚ್ಚುವರಿ ಪಾಳಿಗೆ ಹೋಗದೆ ಇದು ಸಾಧ್ಯವಾದರೆ ಆ ಮನೆ ನಿಮ್ಮ ಅಳತೆಯದು. ಮೂರನೆಯ ತಿಂಗಳಲ್ಲಿಯೇ ಕೈ ನಡುಗಿದರೆ, ಉಳಿದಷ್ಟು ಹಣ ಹೇಗೂ ನಿಮ್ಮದೇ.

ನಿರ್ಧಾರ ಮಾಡುವಾಗ ಗಂಡಹೆಂಡಿರಷ್ಟೇ ಅಲ್ಲದೆ ಮಕ್ಕಳನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಕೇಳಬೇಕು. ಮಗಳು ಕೇಳುವುದು ಒಂದು ಬಾಗಿಲು, ಮಗ ಕೇಳುವುದು ಒಂದು ಮೇಜು. ಇವಕ್ಕೆ ಎಷ್ಟೋ ಬಾರಿ ಹೊಸ ಮನೆಯೇ ಬೇಕಾಗಿಲ್ಲ. ಚಿಕ್ಕವನು ಕೇಳುವುದು ಅಪ್ಪ ಯಾವಾಗ ಬರುತ್ತಾನೆ ಎಂದು. ಅದನ್ನು ಬಿಟ್ಟುಕೊಟ್ಟು ಕೊಳ್ಳುವ ಮನೆ ಎಷ್ಟು ಅಗ್ಗವಾದರೂ ದುಬಾರಿಯೇ.