‘ಆವ್ ಲೇಟ್’: ಒಂದು ಅವ್ಯಯದ ಸಾಧುರೂಪ

ಇಂಗ್ಲಿಷಿನಲ್ಲಿ ‘ಇತ್ತೀಚೆಗೆ’ ಎಂಬ ಅರ್ಥವನ್ನೀಯುವ ‘ಆವ್ ಲೇಟ್’ ಎಂಬ ನುಡಿಗಟ್ಟೊಂದುಂಟು. ಅದರ ಮೊದಲ ಪದದಲ್ಲಿರಬೇಕಾದುದು ಒಂದೇ ‘ಎಫ್’. ನಮ್ಮ ವಿದ್ಯಾರ್ಥಿಗಳ ಬರವಣಿಗೆಯಲ್ಲಿ, ಅಷ್ಟೇಕೆ, ಪದವೀಧರರ ಅರ್ಜಿಗಳಲ್ಲಿಯೂ ಅದು ಎರಡು ‘ಎಫ್’ಗಳನ್ನು ಹೊತ್ತು ‘ಆಫ್ ಲೇಟ್’ ಎಂದು ಕಾಣಿಸಿಕೊಳ್ಳುತ್ತದೆ. ಒಂದಕ್ಷರ ಹೆಚ್ಚಾದರೆ ನಷ್ಟವೇನು ಎನ್ನುವವರಿದ್ದಾರೆ. ಕನ್ನಡ ಪಂಡಿತನಿಗೆ ಆಂಗ್ಲಭಾಷೆಯ ಗೊಡವೆಯೇಕೆ ಎನ್ನುವವರೂ ಇಲ್ಲದಿಲ್ಲ. ಶಬ್ದಶುದ್ಧಿಯ ವಿಚಾರ ಎಲ್ಲ ಭಾಷೆಗಳಿಗೂ ಸಮಾನವಾದುದೆಂಬುದೇ ನನ್ನ ಉತ್ತರ.

ಸಂಸ್ಕೃತ ವ್ಯಾಕರಣದಲ್ಲಿ ವಿಭಕ್ತಿಪ್ರತಿರೂಪಕ ಅವ್ಯಯಗಳೆಂಬ ವರ್ಗವೊಂದಿದೆ. ‘ಚಿರೇಣ’, ‘ಚಿರಾಯ’, ‘ಚಿರಾತ್’, ‘ಚಿರಸ್ಯ’ ಎಂಬಿವು ನೋಟಕ್ಕೆ ತೃತೀಯಾ, ಚತುರ್ಥೀ, ಪಂಚಮೀ, ಷಷ್ಠೀ ರೂಪಗಳು. ವಸ್ತುತಃ ದೀರ್ಘಕಾಲವೆಂಬ ಅರ್ಥದಲ್ಲಿ ನೆಲೆನಿಂತ ಅವ್ಯಯಗಳು. ಕನ್ನಡದ ‘ಈಚೆಗೆ’ ಎಂಬುದೂ ಅಂಥದೇ. ಸ್ಥಳವಾಚಕವಾದ ‘ಈಚೆ’ಯು ‘ಗೆ’ ಪ್ರತ್ಯಯದೊಡನೆ ಬೆರೆತು ಕಾಲವನ್ನು ಹೇಳುತ್ತದೆ. ಆ ‘ಗೆ’ಯನ್ನು ಕಿತ್ತು ‘ಅನ್ನು’ ಹಚ್ಚಲು ಯಾರಿಗೂ ಅಧಿಕಾರವಿಲ್ಲ. ‘ಆವ್ ಲೇಟ್’ ಕೂಡ ಹೀಗೆಯೇ ಅಖಂಡವಾದುದು. ಇಲ್ಲಿಯ ‘ಲೇಟ್’ ತಡವೆಂಬ ಅರ್ಥದ್ದಲ್ಲ, ದಿವಂಗತನೆಂಬ ಅರ್ಥದ್ದೂ ಅಲ್ಲ. ಕೆಲಕಾಲದಿಂದ ಈ ಹೊತ್ತಿನವರೆಗೆ ನಡೆದುಬಂದುದನ್ನು ಇಡಿಯ ನುಡಿಗಟ್ಟು ಸೂಚಿಸುತ್ತದೆ. ಆದುದರಿಂದಲೇ ‘ಹೀ ಹ್ಯಾಸ್ ಬೀನ್ ಇಲ್ ಆವ್ ಲೇಟ್’ ಎಂಬುದು ಸಾಧು. ‘ಹೀ ಕೇಮ್ ಯೆಸ್ಟರ್‌ಡೇ ಆವ್ ಲೇಟ್’ ಎಂಬುದು ಅಸಾಧು.

ತಪ್ಪಿನ ಬೇರು ಇರುವುದು ಕಿವಿಯಲ್ಲಿ. ಒಂದು ‘ಎಫ್’ ಇರುವ ಪದದ ಕೊನೆಯ ಧ್ವನಿ ‘ವ್’. ಎರಡು ‘ಎಫ್’ ಇರುವುದರ ಧ್ವನಿ ‘ಫ್’. ನಮ್ಮ ತರಗತಿಗಳಲ್ಲಿ ಎರಡನ್ನೂ ‘ಆಫ್’ ಎಂದೇ ಓದಿಸುವ ರೂಢಿಯಿದೆ. ಕಿವಿಗೆ ತಿಳಿಯದ ಭೇದ ಕೈಗೆ ತಿಳಿಯುವುದೆಂತು? ಇದಕ್ಕಾಗಿ ಮಗುವನ್ನು ಹಳಿಯುವುದು ನ್ಯಾಯವಲ್ಲ.

ಹಳೆಯ ಇಂಗ್ಲಿಷಿನಲ್ಲಿ ಇವೆರಡೂ ಒಂದೇ ಪದವಾಗಿದ್ದುವು, 1600ರ ತರುವಾಯವೇ ಪೂರ್ಣವಾಗಿ ಬೇರ್ಪಟ್ಟುವು; ಹಾಗಿರಲು ಬೆರೆಸಿದರೆ ದೋಷವೇನು ಎಂದು ಬಲ್ಲವರು ವಾದಿಸಬಹುದು. ‘ವರ್ಣ’ವೇ ‘ಬಣ್ಣ’ವಾಯಿತೆಂಬುದು ನಿಜ. ಆದರೂ ವರ್ಣಮಾಲೆಯನ್ನು ಬಣ್ಣಮಾಲೆಯೆಂದವನುಂಟೆ? ಒಡಹುಟ್ಟಿದವರೇ ಆದರೂ ಮನೆ ಬೇರೆಯಾದ ಮೇಲೆ ಒಬ್ಬರ ಕೆಲಸ ಇನ್ನೊಬ್ಬರದಾಗದು.

ಬಹುಜನರ ಪ್ರಯೋಗವೇ ಪ್ರಮಾಣವೆಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಲಕ್ಷ್ಯವನ್ನನುಸರಿಸಿಯೇ ಲಕ್ಷಣ ಹುಟ್ಟುತ್ತದೆ. ಆದರೆ ತಿಳಿದು ಬಳಸುವುದು ಬೇರೆ, ತಿಳಿಯದೆ ತಪ್ಪುವುದು ಬೇರೆ. ಹಳ್ಳಿಯಿಂದ ಬಂದ ಹುಡುಗನೊಬ್ಬನ ಅರ್ಜಿಯನ್ನು ಓದುವ ಅಧಿಕಾರಿ ಅವನ ಬುದ್ಧಿಯನ್ನು ಕಾಣುವ ಮೊದಲು ಅವನ ಅಕ್ಷರವನ್ನು ಕಾಣುತ್ತಾನೆ. ಅಲ್ಲಿ ಆ ಒಂದು ‘ಎಫ್’ ಹುಡುಗನ ಯೋಗ್ಯತೆಗೇ ಅಡ್ಡ ನಿಲ್ಲಬಾರದು.

ಆದಕಾರಣ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಇಂಥ ನುಡಿಗಟ್ಟುಗಳನ್ನು ಬಿಡಿಸಿ ಅರ್ಥ ಹೇಳದೆ, ವಾಕ್ಯದಲ್ಲಿಟ್ಟು, ಬಾಯಿಬಿಟ್ಟು ಓದಿಸಿ ಕಲಿಸಬೇಕು. ‘ಆವ್ ಕೋರ್ಸ್’ ಎಂಬುದನ್ನೂ ಜೊತೆಗೆ ಹೇಳಿಸಿದರೆ ಆ ‘ವ್’ಕಾರ ಕಿವಿಯಲ್ಲಿ ನಿಲ್ಲುತ್ತದೆ. ಕಿವಿಯಲ್ಲಿ ನಿಂತುದು ಲೇಖನಿಯಲ್ಲಿ ತಾನಾಗಿಯೇ ಇಳಿಯುತ್ತದೆ.